ಪೆರುವಿನಲ್ಲಿ ಮಾಚು ಪಿಚು ಒಂದನ್ನೇ ನೋಡಿ ಬಂದರೆ ಸಾಕೇ?

ಎರಡು ವಾರಗಳ ರಜೆಯಲ್ಲಿ ಪೆರುವಿಗೆ ಹೋಗಿ ನೇರವಾಗಿ ಬೆಟ್ಟದ ಮೇಲಿನ ಹಳೆಯ ಇಂಕಾ ಊರಾದ ಮಾಚು ಪಿಚುವನ್ನು ನೋಡಿಕೊಂಡು ಮರಳಬಹುದೇ, ಇಲ್ಲವೇ ಬೇರೆಡೆಗೂ ಸಮಯ ಕೊಡಬೇಕೇ ಎಂದು ಕೇಳಿದ್ದೀರಿ. ಖಂಡಿತ ಕೊಡಿ. ಸ್ಪೇನಿನವರು ಬರುವ ಮೊದಲು ಈ ಸೀಮೆಯನ್ನು ಆಳಿದ ಇಂಕಾ ಜನರು ಕಲ್ಲು, ನೀರು ಮತ್ತು ಬೆಟ್ಟದ ಇಳಿಜಾರನ್ನು ಹೇಗೆ ಪಳಗಿಸಿಕೊಂಡರೆಂಬುದನ್ನು ಮೊದಲು ಉರುಬಂಬಾ ನದಿಯ ಕಣಿವೆಯಲ್ಲಿ ನೋಡಿದರೆ ಮಾಚು ಪಿಚುವಿನ ದೊಡ್ಡತನ ಚೆನ್ನಾಗಿ ಅರ್ಥವಾಗುತ್ತದೆ ಎಂಬುದು ಅಲ್ಲೆಲ್ಲ ಸುತ್ತಾಡಿ ಬಂದ ನನ್ನ ಅನುಭವ.

ಆರೋಗ್ಯದ ದೃಷ್ಟಿಯಿಂದಲೂ ಇದೇ ಸರಿಯಾದ ಕ್ರಮ. ಕಡಲ ದಂಡೆಯ ಲಿಮಾದಿಂದ ವಿಮಾನದಲ್ಲಿ ಹೊರಟು ಸುಮಾರು 3,400 ಮೀಟರ್ ಎತ್ತರದ ಕುಸ್ಕೊದಲ್ಲಿ ಇಳಿದವರಿಗೆ ತಲೆನೋವು, ಏದುಸಿರು, ನಿದ್ರೆಗೇಡು ಸಾಮಾನ್ಯ. ಆದ್ದರಿಂದ ಅಂದೇ ಉರುಬಂಬಾ ಕಣಿವೆಗೆ ಇಳಿದು, ಮೊದಲ ರಾತ್ರಿಗಳನ್ನು ಸುಮಾರು 2,800 ಮೀಟರ್ ಎತ್ತರದ ಓಯಾಂತಾಯ್ತಾಂಬೊದಲ್ಲಿ ಕಳೆಯಿರಿ.

ಈ ಊರಿನಲ್ಲಿ ಇಂಕಾ ಕಾಲದ ಬೀದಿಗಳ ನಡುವೆ ಜನ ಇಂದಿಗೂ ಸಂಸಾರ ಮಾಡಿಕೊಂಡಿದ್ದಾರೆ, ಓಣಿಗಳ ಪಕ್ಕದ ಕಲ್ಲಿನ ಕಾಲುವೆಗಳಲ್ಲಿ ಬೆಟ್ಟದ ನೀರು ಹರಿಯುತ್ತಿದೆ. ಮೆಟ್ಟಿಲು ಹತ್ತಿ ಮೇಲಕ್ಕೆ ಹೋದರೆ ತಿಳಿಗುಲಾಬಿ ಬಣ್ಣದ ಆರು ಬೃಹತ್ ಬಂಡೆಗಳು ಒಂದೇ ಸಾಲಿನಲ್ಲಿ ನಿಂತಿವೆ. ಇವುಗಳ ಕಲ್ಲುಗಣಿ ಇರುವುದು ನದಿಯ ಆಚೆಗಿನ ಬೆಟ್ಟದಲ್ಲಿ. ಅಂದರೆ ಕಬ್ಬಿಣದ ಉಳಿಯಾಗಲಿ ಗಾಲಿಯ ಬಂಡಿಯಾಗಲಿ ಇಲ್ಲದ ಜನ ಅವನ್ನು ಅಲ್ಲಿಂದ ಇಳಿಸಿ, ಹೊಳೆ ದಾಟಿಸಿ, ಈಚೆಯ ಬೆಟ್ಟಕ್ಕೆ ಎಳೆದು ತಂದರು. ಹತ್ತಿರ ನಿಂತು ಸಂದುಗಳನ್ನು ಗಮನಿಸಿ: ಪ್ರತಿ ಎರಡು ಬಂಡೆಗಳ ನಡುವೆ ತೆಳುವಾದ ಕಲ್ಲಿನ ಪಟ್ಟಿಯೊಂದನ್ನು ಬಿಗಿಯಾಗಿ ಕೂರಿಸಿದ್ದಾರೆ. ಕೆತ್ತಿ ತೆಗೆಯಬೇಕಿದ್ದ ಉಬ್ಬುಗಳು ಕೆಲವೆಡೆ ಹಾಗೆಯೇ ಉಳಿದಿವೆ, ಏಕೆಂದರೆ ಕಟ್ಟಡದ ಕೆಲಸ ಅರ್ಧಕ್ಕೇ ನಿಂತಿತು. ಅರ್ಧಕ್ಕೆ ನಿಂತದ್ದರಿಂದಲೇ ಅವರ ಕೆಲಸದ ರೀತಿ ಇಲ್ಲಿ ಇಷ್ಟು ಸ್ಪಷ್ಟವಾಗಿ ಕಾಣಸಿಗುತ್ತದೆ.

ಇಲ್ಲಿಂದ ರೈಲಿನಲ್ಲಿ ಮಾಚು ಪಿಚುವಿನ ಬುಡಕ್ಕೆ ಹೋಗಬಹುದು. 1911ರಲ್ಲಿ ಅಮೆರಿಕದ ಅನ್ವೇಷಕ ಹೈರಮ್ ಬಿಂಗಮ್ ಅದನ್ನು 'ಕಂಡುಹಿಡಿದ' ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಆತ ಬಂದಾಗ ರೈತ ಕುಟುಂಬಗಳು ಅಲ್ಲಿನ ಮೆಟ್ಟಿಲು ಹೊಲಗಳಲ್ಲಿ ಬೆಳೆ ತೆಗೆಯುತ್ತಿದ್ದವು. ಎಲ್ಲರೂ ಫೋಟೊ ತೆಗೆಯುವ ಜಾಗದಲ್ಲಿ ಹೆಚ್ಚು ಹೊತ್ತು ಕಳೆಯದೆ, ಒಂದರ ಕೆಳಗೊಂದರಂತೆ ಇಳಿಯುವ 16 ನೀರಿನ ತೊಟ್ಟಿಗಳ ಸಾಲನ್ನು ನೋಡಿ. ಮೆಟ್ಟಿಲು ಹೊಲಗಳ ಮಣ್ಣಿನಡಿ ಜಲ್ಲಿಯ ಪದರ ಹಾಕಿದ್ದರಿಂದ ಮಳೆನೀರು ಬಸಿದುಹೋಗುತ್ತದೆ. ಇಷ್ಟು ಕಡಿದಾದ ಇಳಿಜಾರಿನಲ್ಲಿ ಊರು ಕುಸಿಯದೆ ಉಳಿದಿರುವುದಕ್ಕೆ ಅದೊಂದು ಮುಖ್ಯ ಕಾರಣ. ಪ್ರವೇಶಕ್ಕೆ ಹೊತ್ತು ಮತ್ತು ದಾರಿ ಎರಡೂ ನಿಗದಿಯಾಗಿರುವುದರಿಂದ ಟಿಕೆಟನ್ನು ಬಹಳ ಮುಂಚೆಯೇ ಕಾಯ್ದಿರಿಸಿ.

ದೇಹ ಎತ್ತರಕ್ಕೆ ಒಗ್ಗಿದ ಮೇಲೆ ಅರೆಕಿಪಾ ನಗರಕ್ಕೆ ಹೋಗಿ ಕೋಲ್ಕಾ ಕಣಿವೆಯತ್ತ ಹೊರಡಿ. ದಾರಿಯಲ್ಲಿ 4,910 ಮೀಟರ್ ಎತ್ತರದ ಪಾಟಪಾಂಪಾ ಘಟ್ಟವನ್ನು ದಾಟಬೇಕು. ಸುತ್ತಲೂ ಬೋಳು ಬಯಲು, ಮೇಯುವ ವಿಕುನ್ಯಾ ಎಂಬ ಒಂಟೆ ಕುಲದ ಕಾಡುಪ್ರಾಣಿಗಳ ಹಿಂಡುಗಳು, ಮುಖಕ್ಕೆ ರಾಚುವ ಗಾಳಿ. ಆಂಡೀಸ್ ಪರ್ವತಸೀಮೆ ಎಷ್ಟು ಒರಟು ನಾಡು ಎಂಬುದು ನನಗೆ ಮನದಟ್ಟಾದದ್ದು ಇಲ್ಲಿಯೇ. ಕೋಲ್ಕಾದ ಅಂಚಿನಲ್ಲಿ ಕಾಂಡೋರ್ ರಣಹದ್ದುಗಳನ್ನು ನೋಡಲು ಬೆಳಿಗ್ಗೆಯೇ ಸೇರಿಕೊಳ್ಳಿ. ಭಾರವಾದ ಈ ಹಕ್ಕಿ ಬಿಸಿಲೇರಿದಂತೆ ಮೇಲೇಳುವ ಬಿಸಿಗಾಳಿಯನ್ನು ಆಶ್ರಯಿಸಿ, ಮೂರು ಮೀಟರ್ ಅಗಲಕ್ಕೆ ಹರಡುವ ರೆಕ್ಕೆಯನ್ನು ಬಡಿಯದೆಯೇ ಏರುತ್ತದೆ.

ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಒಣಹವೆ. ಇಂಕಾ ಕಾಲುದಾರಿಯಲ್ಲಿ ನಡೆದೇ ಮಾಚು ಪಿಚು ತಲುಪುವ ಆಸೆಯಿದ್ದರೆ ಫೆಬ್ರವರಿ ಬೇಡ, ಆಗ ಅದನ್ನು ಮುಚ್ಚಿರುತ್ತಾರೆ. ಜೂನ್‌ನಲ್ಲಿ ಹೋಗಲು ಸಾಧ್ಯವಾದರೆ ಕುಸ್ಕೊದಿಂದ ಒಂದು ದಿನವನ್ನು ಕೆಸ್ವಾಚಾಕಾ ಸೇತುವೆಗೆ ಮೀಸಲಿಡಿ. ಆಪುರಿಮಾಕ್ ನದಿಯ ಮೇಲಿನ ಈ ಹುಲ್ಲುಹಗ್ಗದ ತೂಗುಸೇತುವೆಯನ್ನು ಸುತ್ತಲಿನ ನಾಲ್ಕು ಸಮುದಾಯಗಳ ಜನ ಪ್ರತಿ ವರ್ಷ ಆ ತಿಂಗಳಲ್ಲಿ ಹೊಸದಾಗಿ ಕಟ್ಟುತ್ತಾರೆ.