ಹಾರ ಬೇಡ, ನೀರಿನ ಬಾಟಲಿ ಬರಲಿ

ಪ್ರಶ್ನೆ: ನಾನು ಯಾದಗಿರಿ ಜಿಲ್ಲೆಯ ಹಳ್ಳಿಯೊಂದರಲ್ಲಿ ಪ್ರೌಢಶಾಲಾ ಶಿಕ್ಷಕಿ. ಫೆಬ್ರವರಿ 28ರ ವಿಜ್ಞಾನ ದಿನದಂದು ಕೊಳವೆಬಾವಿ ನೀರಿನ ಫ್ಲೋರೈಡ್ ಬಗ್ಗೆ ಊರಿನವರೊಡನೆ ಚರ್ಚೆ ನಡೆಸುವ ಆಸೆ. ಕಳೆದ ವರ್ಷ ಭಾಷಣದ ನಡುವೆಯೇ ಜನ ಎದ್ದು ಹೋದರು. ಏನು ಮಾಡಲಿ?

ಉತ್ತರ: ಎದ್ದು ಹೋದವರ ಪರ ನಾನು! 1928ರಲ್ಲಿ ಅದೇ ದಿನ ಬೆಳಕಿನ ಚದುರುವಿಕೆ ಕುರಿತ ಸಿ.ವಿ. ರಾಮನ್ ಅವರ ಶೋಧ, ಅಂದರೆ ರಾಮನ್ ಪರಿಣಾಮ, ಪ್ರಕಟವಾಯಿತೆಂದು ಎರಡು ವಾಕ್ಯದಲ್ಲಿ ಹೇಳಿ ಮುಗಿಸಿ. ಹಾರ, ಶಾಲು ಬೇಡ. ಮನೆಗೊಂದು ಬಾಟಲಿ ನೀರು ಬರಲಿ, ಯಾವ ಬಾವಿಯದೆಂದು ಚೀಟಿ ಅಂಟಿಸಿ. ಪರೀಕ್ಷಾ ಕಿಟ್ ಬೇಕೆಂದು ಗ್ರಾಮ ಪಂಚಾಯಿತಿಯನ್ನು ಕೇಳಿ. ಮಕ್ಕಳೇ ಕಿಟ್‌ನ ದ್ರಾವಣದ ಹನಿ ಹಾಕಲಿ, ಬಣ್ಣ ಬದಲಾಗುವುದನ್ನು ಹಿರಿಯರು ಕಣ್ಣಾರೆ ನೋಡಲಿ. ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ದಾಟಬಾರದು. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಒಪ್ಪಬಹುದು. ಕಿಟ್ ತೋರಿಸುವುದು ಅಂದಾಜು ಮಾತ್ರ. ಹೆಚ್ಚು ಕಂಡ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸಿ.

"ಕಾಯಿಸಿ ಕುಡಿದರಾಯಿತು" ಎನ್ನುವವರು ಖಂಡಿತ ಇರುತ್ತಾರೆ. ಅವರನ್ನು ನಗೆಪಾಟಲು ಮಾಡಬೇಡಿ. ಕುದಿಸಿದರೆ ರೋಗಾಣು ಸಾಯುವುದು ನಿಜವೇ. ಆದರೆ ಸಾರು ಕುದಿದಷ್ಟೂ ಉಪ್ಪಾಗುವಂತೆ, ನೀರು ಆವಿಯಾಗಿ ಫ್ಲೋರೈಡ್ ಮಾತ್ರ ಹಿಂದೆ ಉಳಿಯುತ್ತದೆ. ಹೆಚ್ಚಾದ ಫ್ಲೋರೈಡ್‌ನಿಂದ ಮಕ್ಕಳ ಹಲ್ಲಿಗೆ ಬರುವ ಕಂದು ಕಲೆಯ ಮಾತು ಎತ್ತಿ, ಆದರೆ ಯಾವ ಮಗುವನ್ನೂ ನಿಲ್ಲಿಸಿ ಬಾಯಿ ತೆರೆಸಬೇಡಿ.

ಬಿಸಿಲಿಳಿದ ಮೇಲೆ ಸೇರಿಸಿ. ಫೆಬ್ರವರಿ ಕೊನೆಗೆ ತೊಗರಿ ರಾಶಿಯೂ ಮುಗಿದಿರುತ್ತದೆ. ಮೊದಲ ಮಾತು ನೀರು ಹೊರುವ ಹೆಂಗಸರದಾಗಲಿ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರನ್ನು ಕರೆಯಿರಿ, ಜನರ ನಡುವೆಯೇ ಕೂರಿಸಿ. ಶುದ್ಧ ನೀರಿನ ಘಟಕ ಬೇಕೆಂಬ ಅರ್ಜಿಗೆ ಅಲ್ಲಿಯೇ ಊರವರ ಸಹಿ ಹಾಕಿಸಿ, ಪಿಡಿಒ ಅವರಿಂದ ಸ್ವೀಕೃತಿಯನ್ನೂ ಬರೆಸಿಕೊಳ್ಳಿ.