ಪೀಪಾಯಿ ಕಾಣದ ಪೀಪಾಯಿಗಾರನ ಕಥೆ

ಪ್ರಿಯ ಲೇಖಕರೇ,

ಇಂಗ್ಲೆಂಡಿನ ವಲಸಿಗರನ್ನು ಹೊತ್ತ ಮೇಫ್ಲವರ್ ಹಡಗಿನಲ್ಲಿ ಅಮೆರಿಕಕ್ಕೆ ಹೋದ ಜಾನ್ ಆಲ್ಡೆನ್‌ನ ಬದುಕು ಮತ್ತು ವಂಶವನ್ನು ಕುರಿತ ನಿಮ್ಮ ಲೇಖನ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಆದರೆ ವಿಷಾದದ ಒಂದು ಸಾಲು ಬರೆದು ಹಿಂದಿರುಗಿಸುವಂಥ ಬರಹವೂ ಅಲ್ಲ, ಅದಕ್ಕೇ ಈ ಉದ್ದನೆಯ ಉತ್ತರ.

1620ರಲ್ಲಿ ಸೌತಾಂಪ್ಟನ್ ಬಂದರಿನಲ್ಲಿ ಆಲ್ಡೆನ್‌ನನ್ನು ಸೇರಿಸಿಕೊಂಡದ್ದು ಪೀಪಾಯಿ ಮಾಡುವ ಕೆಲಸಕ್ಕೆ. ನೀವು ಇದನ್ನು ಮೊದಲ ಪ್ಯಾರಾದಲ್ಲಿ ಹೇಳುತ್ತೀರಿ, ಆಮೇಲೆ ಅತ್ತ ತಿರುಗಿಯೂ ನೋಡುವುದಿಲ್ಲ. ಮುಂದಿನದೆಲ್ಲ ಹತ್ತು ಮಕ್ಕಳು, ಅವರ ಮಕ್ಕಳು, ಮಗಳು ರೂತ್‌ಳ ಪೀಳಿಗೆಯಲ್ಲಿ ಬಂದ ಅಮೆರಿಕದ ಅಧ್ಯಕ್ಷ ಜಾನ್ ಆಡಮ್ಸ್. ಆಡಮ್ಸ್ ಹೆಸರು ಬಂದೊಡನೆ ನಿಮ್ಮ ಗದ್ಯ ಕೈಮುಗಿದು ನಿಂತುಬಿಡುತ್ತದೆ. ಮೊಮ್ಮಗಳ ಮೊಮ್ಮಗ ದೊಡ್ಡವನಾದ ಮಾತ್ರಕ್ಕೆ ಅಜ್ಜನ ಕಥೆ ಓದಿಸಿಕೊಳ್ಳುವುದಿಲ್ಲ.

ಆಲ್ಡೆನ್‌ನ ಕಸುಬನ್ನು ತೋರಿಸಿ. 102 ಪ್ರಯಾಣಿಕರ ಬಿಯರ್, ನೀರು, ಉಪ್ಪು ಹಾಕಿದ ಮಾಂಸ ಎಲ್ಲವೂ ಪೀಪಾಯಿಯಲ್ಲೇ ಇತ್ತು. ಬಿಯರ್ ಮುಗಿಯುತ್ತ ಬಂದದ್ದೂ ಬೇಗ ಒಂದೆಡೆ ನೆಲೆ ನಿಲ್ಲಲು ಕಾರಣವಾಯಿತೆಂದು ವಲಸಿಗರೇ ಬರೆದಿಟ್ಟಿದ್ದಾರೆ. ಪೀಪಾಯಿಗೆ ಓಕ್ ದಿಮ್ಮಿಯನ್ನು ನಾರಿನ ಗುಂಟ ಸೀಳುತ್ತಾರೆ. ನಾರು ತುಂಡಾದರೆ ದ್ರವ ಜಿನುಗುತ್ತದೆ. ಒಣಗಿದ ಪಟ್ಟಿಗಳ ನಡು ಅಗಲವಾಗಿ, ತುದಿಗಳು ಕಿರಿದಾಗಿ, ಅಂಚು ಓರೆಯಾಗಿ ಇರುವಂತೆ ಹೆರೆಯಬೇಕು. ಅವನ್ನು ಒಂದು ಬಳೆಯೊಳಗೆ ಸುತ್ತ ನಿಲ್ಲಿಸಿ, ನಡುವೆ ಬೆಂಕಿ ಮಾಡಿ, ಬಿಸಿಗೆ ಮೆತ್ತಗಾದಾಗ ಬಗ್ಗಿಸಿ ಇನ್ನೊಂದು ತುದಿಗೂ ಬಳೆ ಬಡಿಯುತ್ತಾರೆ. ಮೊಳೆಯಿಲ್ಲ, ಅಂಟಿಲ್ಲ. ಹೊಟ್ಟೆ ಉಬ್ಬಿರುವುದರಿಂದಲೇ ತುಂಬಿದ ಪೀಪಾಯಿಯನ್ನು ಒಬ್ಬನೇ ಉರುಳಿಸಿ ಬೇಕಾದತ್ತ ಹೊರಳಿಸಬಲ್ಲ. ಇಷ್ಟು ಬರೆದಿದ್ದರೂ ಆಲ್ಡೆನ್‌ಗೆ ಕೈಗಳು ಬರುತ್ತಿದ್ದವು. 1621ರಲ್ಲಿ ವಲಸಿಗರ ಪ್ಲಿಮತ್ ವಸಾಹತಿಗೆ ಬಂದಿದ್ದ ಫಾರ್ಚೂನ್ ಹಡಗು ಇಂಗ್ಲೆಂಡಿಗೆ ಮರಳುವಾಗ ಅದಕ್ಕೆ ತುಂಬಿಸಿದ್ದು ಬೀವರ್ ಮತ್ತು ನೀರುನಾಯಿಯ ತೊಗಲುಗಳನ್ನು, ಅವುಗಳ ಜೊತೆ ಹಿಡಿಯುವಷ್ಟೂ ಸೀಳಿದ ಹಲಗೆ. ದಾರಿಯಲ್ಲಿ ಫ್ರೆಂಚರು ಎಲ್ಲವನ್ನೂ ಕಿತ್ತುಕೊಂಡರು. ನಿಮ್ಮ ಲೇಖನದಲ್ಲಿ ಈ ಹಡಗೇ ಇಲ್ಲ.

ಮೂರು ಪುಟ ತಿಂದಿರುವ ಪ್ರೇಮಪ್ರಸಂಗವನ್ನು ತೆಗೆಯಿರಿ. ವಸಾಹತಿನ ಸೇನಾನಾಯಕ ಮೈಲ್ಸ್ ಸ್ಟ್ಯಾಂಡಿಶ್‌ನ ಪರವಾಗಿ ಹೆಣ್ಣು ಕೇಳಲು ಹೋದ ಆಲ್ಡೆನ್‌ನನ್ನೇ ಮುಂದೆ ಅವನ ಹೆಂಡತಿಯಾದ ಪ್ರಿಸಿಲಾ ಒಪ್ಪಿದಳೆಂಬುದು ವಂಶಸ್ಥರ ಬಾಯಿಮಾತು. ಅದನ್ನು ಮನೆಮಾತಾಗಿಸಿದ್ದು 1858ರ ಲಾಂಗ್‌ಫೆಲೋನ ಕಥನಕಾವ್ಯ. ಆ ಕವಿಯೂ ಅದೇ ವಂಶದವನು! ನೀವು ಅದನ್ನು ಕಣ್ಣಾರೆ ಕಂಡಂತೆ ಬರೆದಿದ್ದೀರಿ. ದಾಖಲೆಯಲ್ಲಿರುವ ಪ್ರಿಸಿಲಾ ಇದಕ್ಕಿಂತ ಗಟ್ಟಿ. ತಂದೆ ವಿಲಿಯಂ ಮಲಿನ್ಸ್ ಡಾರ್ಕಿಂಗ್ ಊರಿನ ಪಾದರಕ್ಷೆ ವ್ಯಾಪಾರಿ. ಆತನ ಉಯಿಲಿನಲ್ಲಿ 21 ಡಜನ್ ಶೂ, 13 ಜೊತೆ ಬೂಟುಗಳ ಲೆಕ್ಕವಿದೆ. ಮೊದಲ ಚಳಿಗಾಲದಲ್ಲಿ ಆತ, ಆತನ ಹೆಂಡತಿ, ಮಗ ಮೂವರೂ ತೀರಿಕೊಂಡರು. ಉಳಿದವಳು ಈ ಹುಡುಗಿ ಮತ್ತು ಅಷ್ಟೊಂದು ಮೆಟ್ಟುಗಳು. ಅಲ್ಲಿಂದ ಮದುವೆಗೆ ಬನ್ನಿ.

ಆಲ್ಡೆನ್ ಬೇಕಿದ್ದರೆ ಇಂಗ್ಲೆಂಡಿಗೆ ಮರಳಬಹುದಿತ್ತು ಎಂಬುದನ್ನು ವಸಾಹತಿನ ಗವರ್ನರ್ ಬ್ರಾಡ್‌ಫರ್ಡ್ ದಾಖಲಿಸಿದ್ದಾನೆ. ಸಂಬಳಕ್ಕೆ ಬಂದವನು ಉಳಿದುಕೊಂಡ, 1627ರಲ್ಲಿ ವಸಾಹತಿನ ಸಾಲಕ್ಕೆ ಹೊಣೆ ನಿಂತ ಕೆಲವೇ ಮಂದಿಯಲ್ಲಿ ಒಬ್ಬನಾದ. ನೀವು ಇದನ್ನು ‘ಸಮಾಜಸೇವೆ’ ಎಂದಿದ್ದೀರಿ. ಅದು ಸಾಲ, ಸಾಲವೆಂದೇ ಬರೆಯಿರಿ.

ಪ್ಲಿಮತ್ ‘ನಿರ್ಜನ ಭೂಮಿ’ ಎಂದಿರುವುದನ್ನು ನಾನು ಯಾವ ಕಾರಣಕ್ಕೂ ಬಿಡುವುದಿಲ್ಲ. ಅದು ಅಲ್ಲಿನ ಮೂಲನಿವಾಸಿಗಳಾದ ವಾಂಪನೋವಾಗ್ ಜನರ ಪಟುಕ್ಸೆಟ್ ಎಂಬ ಊರು. ಅದಕ್ಕೂ ಕೆಲವೇ ವರ್ಷ ಹಿಂದೆ ಬಂದ ಸಾಂಕ್ರಾಮಿಕ ರೋಗ ಊರನ್ನೇ ಬರಿದು ಮಾಡಿತ್ತು.

ಇಡೀ ಲೇಖನದಲ್ಲಿ ನನ್ನನ್ನು ಎಬ್ಬಿಸಿ ಕೂರಿಸಿದ್ದು ಅಡಿಟಿಪ್ಪಣಿಯೊಂದು: ಆಲ್ಡೆನ್‌ನ ಮಗ ಜಾನ್, ಹಡಗಿನ ಕಪ್ತಾನ, 1692ರಲ್ಲಿ ಮ್ಯಾಸಚೂಸೆಟ್ಸ್‌ನ ಸೇಲಂನ ಮಾಟಗಾರಿಕೆಯ ವಿಚಾರಣೆಗೆ ಸಿಕ್ಕಿದ್ದು. ಆರೋಪಿಸಿದ ಹುಡುಗಿಯರಲ್ಲೊಬ್ಬಳು ಮೊದಲು ಬೇರೊಬ್ಬನತ್ತ ಬೆರಳು ತೋರಿಸಿದಳು, ಹಿಂದೆ ನಿಂತವನು ಕಿವಿಯಲ್ಲಿ ಉಸುರಿದ ಮೇಲೆ ಈತನ ಹೆಸರು ಹೇಳಿದಳು. ಕಪ್ತಾನ ಇಂಡಿಯನ್ನರಿಗೂ (ಅಂದರೆ ಅಮೆರಿಕದ ಮೂಲನಿವಾಸಿಗಳಿಗೂ) ಫ್ರೆಂಚರಿಗೂ ಮದ್ದುಗುಂಡು ಮಾರುತ್ತಾನೆಂದು ಅಲ್ಲೇ ಕೂಗಾಡಿದರು. ಬಾಸ್ಟನ್‌ನಲ್ಲಿ ಸೆರೆಯಲ್ಲಿದ್ದವನು ತಪ್ಪಿಸಿಕೊಂಡು ಓಡಿದ, ಗಲಾಟೆ ತಣ್ಣಗಾದ ಮೇಲೆ ಮರಳಿ ಬಂದು ಬಿಡುಗಡೆ ಪಡೆದ. ಅಪ್ಪ 1687ರಲ್ಲೇ ತೀರಿಕೊಂಡಿದ್ದ. ಒಂದು ತಲೆಮಾರಿನಲ್ಲಿ ಈ ಕುಟುಂಬ ಎಲ್ಲಿಂದ ಎಲ್ಲಿಗೆ ಬಂತೆಂಬುದು ಇಲ್ಲಿದೆ, ನೀವು ಅದನ್ನು ಪುಟದ ಅಡಿಗೆ ಅಟ್ಟಿದ್ದೀರಿ.

ವಂಶವೃಕ್ಷವನ್ನು ಬೇರೆ ಚೌಕಟ್ಟಿನಲ್ಲಿ ಹಾಕೋಣ, ಲೇಖನದೊಳಗೆ ಬೇಡ. ಎರಡು ಸಾವಿರ ಪದ ಮೀರದಂತೆ ಹೊಸದಾಗಿ ಬರೆದು ಕಳುಹಿಸಿ. ಹಳೆಯ ಪ್ರತಿಯನ್ನು ತಿದ್ದುತ್ತ ಕೂರಬೇಡಿ.

ಇಂತಿ,
ಸಂಪಾದಕ