ಗೋಡೆ ಮುಟ್ಟದೆ ಮನೆಗೆ ಬಣ್ಣ ತರೋದು ಹೇಗೆ?

ಪ್ರಶ್ನೆ: ಬಾಡಿಗೆ ಮನೆ ನಮ್ಮದು. ಗೋಡೆ ಎಲ್ಲಾ ಬಿಳಿ, ನೆಲ ತಿಳಿ ಬೂದು. ಬಣ್ಣ ಬಳಿಯಬಾರದು, ಮೊಳೆ ಹೊಡೆಯಬಾರದು ಎಂದು ಕರಾರಿನಲ್ಲೇ ಬರೆದಿದ್ದಾರೆ. ಹೋಗಲಿ ಅಂತ ಬಣ್ಣಬಣ್ಣದ ಕುಶನ್, ಹೂದಾನಿ, ಪುಟ್ಟ ಪುಟ್ಟ ಫೋಟೊ ಫ್ರೇಮ್ ತಂದು ಜೋಡಿಸಿದೆ. ಆದರೂ ಮನೆಗೆ ಕಳೆ ಬಂದಿಲ್ಲ, ಗಜಿಬಿಜಿ ಮಾತ್ರ ಜಾಸ್ತಿ ಆಗಿದೆ. ಎಲ್ಲಿ ತಪ್ಪಿದೆ?

ಉತ್ತರ: ತಂದ ವಸ್ತುಗಳಲ್ಲಿ ತಪ್ಪಿಲ್ಲ, ಅವುಗಳ ಅಳತೆಯಲ್ಲಿದೆ. ಒಂದು ಸಣ್ಣ ಲೆಕ್ಕ ಹಾಕೋಣ. 16 ಇಂಚಿನ ಕುಶನ್ನಿನ ಒಂದು ಮುಖ ಎರಡು ಚದರಡಿಯೂ ಇಲ್ಲ. ಐದಡಿ ಅಗಲ, ಆರೂವರೆ ಅಡಿ ಉದ್ದದ ಮಂಚದ ಮೇಲಿನ ಹೊದಿಕೆ ಮೂವತ್ತೆರಡು ಚದರಡಿಗಿಂತ ಜಾಸ್ತಿ. ಅಂದರೆ ಒಂದು ಹೊದಿಕೆ ಬದಲಾಯಿಸಿದರೆ ಹದಿನೆಂಟು ಕುಶನ್ ಇಟ್ಟಷ್ಟು ಬಣ್ಣ. ಅದೂ ಒಂದೇ ಕಡೆ, ಒಂದೇ ಬಣ್ಣ. ಹದಿನೆಂಟು ಕುಶನ್ನನ್ನು ಹದಿನೆಂಟು ಕಡೆ ಚೆಲ್ಲಿದರೆ ಕಣ್ಣು ಎಲ್ಲೂ ನಿಲ್ಲೋದಿಲ್ಲ. ನೀವು ಗಜಿಬಿಜಿ ಅಂದಿದ್ದು ಅದನ್ನೇ.

ಬಾಗಿಲಲ್ಲಿ ನಿಂತು ಫೋನಿನಲ್ಲಿ ಕೋಣೆಯ ಒಂದು ಫೋಟೊ ತೆಗೆಯಿರಿ. ಅದನ್ನು ಹೆಬ್ಬೆರಳಿನ ಉಗುರಿನಷ್ಟು ಚಿಕ್ಕದು ಮಾಡಿ ನೋಡಿ. ಆಗಲೂ ಕಾಣುವ ಬಣ್ಣವೇ ಆ ಕೋಣೆಯ ಬಣ್ಣ. ಏನೂ ಕಾಣದಿದ್ದರೆ ದೊಡ್ಡ ಬಟ್ಟೆ ಯಾವುದನ್ನು ಬದಲಾಯಿಸಬಹುದು ಅಂತ ಹುಡುಕಿ. ಬಾಡಿಗೆ ಮನೆಯಲ್ಲಿ ಸಾಮಾನ್ಯವಾಗಿ ಅಂಥವು ಮೂರೇ: ಕಿಟಕಿಯ ಪರದೆ, ಹಾಸಿಗೆ ಅಥವಾ ಸೋಫಾದ ಹೊದಿಕೆ, ನೆಲದ ಕಾರ್ಪೆಟ್. ಮೂರನ್ನೂ ಒಟ್ಟಿಗೆ ಬದಲಾಯಿಸಬೇಡಿ. ಒಂದನ್ನು ಬದಲಾಯಿಸಿ, ವಾರ ಅದರ ಜೊತೆ ಬದುಕಿ, ಆಮೇಲೆ ಎರಡನೆಯದು.

ನನ್ನನ್ನು ಕೇಳಿದರೆ ಪರದೆಯಿಂದ ಶುರು ಮಾಡಿ ಎನ್ನುತ್ತೇನೆ. ಪರದೆ ನೇತಾಡುವುದು ಗೋಡೆಯ ಜಾಗದಲ್ಲೇ, ಹಾಗಾಗಿ ಬಳಿಯದ ಬಣ್ಣದ ಕೆಲಸವನ್ನು ಅದೇ ಮಾಡುತ್ತದೆ. ಜೊತೆಗೆ ಬಿಸಿಲು ತೆಳು ಬಟ್ಟೆಯ ಮೂಲಕ ಒಳಗೆ ಬಂದಾಗ ಆ ಬಣ್ಣದ ಛಾಯೆ ಎದುರಿನ ಬಿಳಿ ಗೋಡೆಗೂ ಹತ್ತುತ್ತದೆ. ಮೊಳೆ ಬೇಡ. ಸ್ಪ್ರಿಂಗ್ ಇರುವ ಸರಳು ಸಿಗುತ್ತದೆ, ಕಿಟಕಿಯ ಎರಡು ಬದಿಗಳ ನಡುವೆ ಒತ್ತಿ ನಿಲ್ಲುತ್ತದೆ. ಅದಕ್ಕೆ ಹಗುರ ಬಟ್ಟೆ ಮಾತ್ರ ಹಾಕಿ. ಕಿಟಕಿ ಅಗಲ ಇದ್ದರೆ, ಬಟ್ಟೆ ದಪ್ಪ ಇದ್ದರೆ ಸರಳು ನಡುವೆ ಬಾಗುತ್ತದೆ, ಒಂದು ರಾತ್ರಿ ಧಡಾರನೆ ಬೀಳುತ್ತದೆ. ಬಿದ್ದಾಗ ಗೋಡೆಯನ್ನೂ ಗೀರುತ್ತದೆ, ಅದನ್ನು ಉಳಿಸೋಕೆ ತಾನೇ ಇಷ್ಟೆಲ್ಲ?

ಇನ್ನು ಬಣ್ಣ ಆರಿಸುವಾಗ ಆಗುವ ಒಂದು ಮೋಸ. ಅಂಗಡಿಯಲ್ಲಿ ಚೆನ್ನಾಗಿದ್ದ ಬಟ್ಟೆ ಮನೆಗೆ ಬಂದ ಮೇಲೆ ಮಂಕಾಗಿ ಕಾಣುತ್ತದೆ ಅಲ್ವಾ? ಇದರ ಹಿಂದೆ ಒಂದು ಹಳೇ ಕಥೆ ಇದೆ. ಪ್ಯಾರಿಸ್‌ನ ಗೋಬೆಲಾಂ ನೇಯ್ಗೆ ಕಾರ್ಖಾನೆಯಲ್ಲಿ 1824ರಿಂದ ಬಣ್ಣಗಾರಿಕೆ ನೋಡಿಕೊಳ್ಳುತ್ತಿದ್ದವರು ಮಿಶೆಲ್ ಶೆವ್ರಲ್ ಎಂಬ ರಸಾಯನ ವಿಜ್ಞಾನಿ. ಕಪ್ಪು ದಾರ ಸಾಕಷ್ಟು ಕಪ್ಪಾಗಿಲ್ಲ ಎಂಬ ದೂರು ಅವರ ಬಳಿ ಬಂತು. ದಾರ ಪರೀಕ್ಷಿಸಿದರೆ ಬಣ್ಣದಲ್ಲಿ ಏನೂ ಕೊರತೆ ಇರಲಿಲ್ಲ. ಪಕ್ಕದಲ್ಲಿ ನೇಯ್ದಿದ್ದ ಬಣ್ಣಗಳೇ ಕಪ್ಪನ್ನು ಕೆಡಿಸುತ್ತಿದ್ದವು. ಅದನ್ನೇ ಬೆನ್ನುಹತ್ತಿ, ಪಕ್ಕದ ಬಣ್ಣ ನಮ್ಮ ಕಣ್ಣನ್ನು ಹೇಗೆ ಬದಲಾಯಿಸುತ್ತದೆ ಎಂದು 1839ರಲ್ಲಿ ವಿವರವಾಗಿ ಬರೆದರು.

ನಿಮ್ಮ ಮನೆಯಲ್ಲಿ ನಡೆಯುತ್ತಿರುವುದೂ ಇದೇ. ಬೆಳ್ಳಗಿನ ಗೋಡೆಯ ಮುಂದೆ ಯಾವ ಬಣ್ಣವೂ ಇರುವುದಕ್ಕಿಂತ ಒಂದು ಹಿಡಿ ಗಾಢವಾಗಿ ಕಾಣುತ್ತದೆ. ಕಿತ್ತಳೆ ಕಾರ್ಪೆಟ್ ಹಾಸಿದರೆ ಸುತ್ತಲಿನ ಬೂದು ನೆಲ ಸ್ವಲ್ಪ ನೀಲಿ ತಿರುಗಿದ ಹಾಗೆ ಕಾಣುತ್ತದೆ. ಇದು ಕೆಟ್ಟದ್ದೇನಲ್ಲ, ಬೇಕೆಂದೇ ಬಳಸಿಕೊಳ್ಳಬಹುದು. ಆದರೆ ಬಟ್ಟೆಯ ಒಂದು ತುಂಡನ್ನು ಮೊದಲು ಮನೆಗೆ ತಂದು, ಅದು ಇರಬೇಕಾದ ಜಾಗದಲ್ಲೇ ಇಟ್ಟು ನೋಡದೆ ದೊಡ್ಡದನ್ನು ಕೊಳ್ಳಬೇಡಿ. ಬಿಳಿಗೂ ಗಾಢ ಬಣ್ಣಕ್ಕೂ ನಡುವೆ ಮರದ ಬಣ್ಣ, ಗೋಣಿ ಬಣ್ಣ, ಮಣ್ಣಿನ ಬಣ್ಣ ಏನಾದರೂ ಒಂದಿದ್ದರೆ ಆ ಬಿಗುವು ಸಡಿಲವಾಗುತ್ತದೆ. ಒಂದು ಬೆತ್ತದ ಬುಟ್ಟಿ ಸಾಕಾಗುವುದೂ ಉಂಟು.

ಆ ತುಂಡನ್ನು ಹಗಲಲ್ಲಿ ನೋಡಿದ ಹಾಗೇ ರಾತ್ರಿಯೂ ನೋಡಿ. ಇಲ್ಲೇ ಹೆಚ್ಚಿನವರು ಎಡವೋದು. ಬಲ್ಬಿನ ಡಬ್ಬಿಯ ಮೇಲೆ ಕೆಲ್ವಿನ್ ಲೆಕ್ಕದ ಒಂದು ಸಂಖ್ಯೆ ಇರುತ್ತದೆ. 6500 ಇದ್ದರೆ ನೀಲಿ ಛಾಯೆಯ ತಣ್ಣನೆ ಬೆಳಕು. ಅದರ ಕೆಳಗೆ ಇಟ್ಟಿಗೆ ಕೆಂಪು, ಸಾಸಿವೆ ಹಳದಿಯಂಥ ಬೆಚ್ಚನೆ ಬಣ್ಣಗಳ ಮೆರುಗು ಇಳಿದುಹೋಗುತ್ತದೆ. 2700ರಿಂದ 3000 ಇದ್ದರೆ ಹಳದಿ ಛಾಯೆಯ ಬೆಳಕು, ಅಲ್ಲಿ ಅವೇ ಬಣ್ಣಗಳು ಜೀವ ತಳೆಯುತ್ತವೆ, ನೀಲಿ ಮಾತ್ರ ಕೊಂಚ ಕಂದುತ್ತದೆ. ಅದೇ ಡಬ್ಬಿಯಲ್ಲಿ ಸಿಆರ್‌ಐ ಎಂಬ ಇನ್ನೊಂದು ಅಂಕಿ ಹುಡುಕಿ. ಬಲ್ಬಿನ ಬೆಳಕು ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಅನ್ನುವುದಕ್ಕೆ 100ಕ್ಕೆ ಕೊಡುವ ಅಂಕ ಅದು. 90 ದಾಟಿದ್ದರೆ ತಗೊಳ್ಳಿ. ಹಗಲಲ್ಲಿ ಒಂದಕ್ಕೊಂದು ಹೊಂದುವ ಎರಡು ಬಟ್ಟೆಗಳು ರಾತ್ರಿ ಜಗಳಕ್ಕೆ ನಿಂತಂತೆ ಕಂಡರೆ ಅದು ನಿಮ್ಮ ಭ್ರಮೆಯಲ್ಲ. ಬೇರೆ ಬೇರೆ ಬಣ್ಣದ್ರವ್ಯಗಳು ಬೇರೆ ಬೆಳಕಿನಲ್ಲಿ ಬೇರೆಯಾಗಿಯೇ ಕಾಣುತ್ತವೆ.

ಮಬ್ಬು ಬೆಳಕಿನಲ್ಲಿ ಇನ್ನೊಂದು ವಿಚಿತ್ರ ನಡೆಯುತ್ತದೆ. ಮುಸ್ಸಂಜೆ ಹೊತ್ತಿಗೆ ಕೆಂಪು ಬಲುಬೇಗ ಕಪ್ಪಾಗುತ್ತದೆ, ನೀಲಿ-ಹಸಿರು ಇನ್ನೂ ಸ್ವಲ್ಪ ಹೊತ್ತು ಉಳಿಯುತ್ತದೆ. ಚೆಕ್ ವಿಜ್ಞಾನಿ ಪುರ್ಕಿನ್ಯೆ 19ನೇ ಶತಮಾನದಲ್ಲಿ ಹೂವುಗಳನ್ನು ನೋಡಿಯೇ ಇದನ್ನು ಗುರುತಿಸಿದರು. ಕಣ್ಣಿನ ಯಾವ ಕೋಶಗಳು ಕೆಲಸ ಮಾಡುತ್ತಿವೆ ಎನ್ನುವುದರ ಮೇಲೆ ಇದು ನಿಂತಿದೆ. ನಿಮಗೆ ಬೇಕಾಗಿರುವುದು ಇಷ್ಟು: ಬೆಳಕು ಕಡಿಮೆ ಇರುವ ಮೂಲೆಗೆ ಗಾಢ ಕೆಂಪು ಹಾಕಿ ದುಡ್ಡು ದಂಡ ಮಾಡಬೇಡಿ. ಹಾಕಲೇಬೇಕಾದರೆ ಪಕ್ಕದಲ್ಲಿ ಒಂದು ದೀಪವೂ ಇರಲಿ. ಬಲ್ಬು ಬದಲಾಯಿಸಿದಾಗ ಹಳೆಯದನ್ನು ಎಸೆಯಬೇಡಿ, ಮನೆ ಬಿಡುವ ದಿನ ಮತ್ತೆ ಸಿಕ್ಕಿಸಬೇಕು.

ಪ್ರಶ್ನೆ: ಅಂಟಿಸಿ ಕೀಳುವ ವಾಲ್‌ಪೇಪರ್ ತರೋಣ ಅಂತಿದ್ದೇನೆ. ಕೀಳುವಾಗ ಗೋಡೆ ಬಣ್ಣವೂ ಕಿತ್ತು ಬರುತ್ತಾ?

ಉತ್ತರ: ಬರಬಹುದು. ಅದು ಕಾಗದಕ್ಕಿಂತ ಜಾಸ್ತಿ ಗೋಡೆಯ ಮೇಲಿನ ಬಣ್ಣವನ್ನು ಅವಲಂಬಿಸಿದೆ. ನುಣುಪಾದ, ಸ್ವಲ್ಪ ಹೊಳಪಿರುವ ಬಣ್ಣವಾದರೆ ಭಯ ಕಡಿಮೆ. ಕೈ ಸವರಿದರೆ ಪುಡಿ ಹತ್ತುವ ಬಣ್ಣ, ಸುಣ್ಣ, ತರಿತರಿ ಪ್ಲಾಸ್ಟರ್, ತೇವ ಹಿಡಿದ ಗೋಡೆ ಇದ್ದರೆ ಅಂಟು ಸರಿಯಾಗಿ ಕೂರುವುದಿಲ್ಲ, ಕೂತರೆ ಬಣ್ಣ ಸಮೇತ ಏಳುತ್ತದೆ. ಹೊಸದಾಗಿ ಬಣ್ಣ ಹೊಡೆದಿದ್ದರೆ ಕನಿಷ್ಠ ನಾಲ್ಕು ವಾರ ಕಾಯಿರಿ. ಮುಟ್ಟಿದರೆ ಒಣಗಿದಂತೆ ಇರುತ್ತದೆ, ಆದರೆ ಒಳಗೆ ಗಟ್ಟಿಯಾಗಿರುವುದಿಲ್ಲ.

ಅಂಗೈ ಅಗಲದ ತುಂಡನ್ನು ಬಾಗಿಲ ಹಿಂದೆ ಅಂಟಿಸಿ ಒಂದು ವಾರ ಬಿಡಿ. ಕೀಳುವಾಗ ಮೇಲಿನ ಮೂಲೆಯಿಂದ ಶುರು ಮಾಡಿ. ಕಾಗದವನ್ನು ನಿಮ್ಮ ಕಡೆಗೆ ಎಳೆಯಬೇಡಿ. ಅದನ್ನು ಹಿಂದಕ್ಕೆ ಮಡಚಿ ಗೋಡೆಗೆ ಒತ್ತಿದ ಹಾಗೆ ನಿಧಾನಕ್ಕೆ ಕೆಳಗೆ ಎಳೆಯಿರಿ. ಬಿಗಿ ಅನ್ನಿಸಿದರೆ ಹೇರ್ ಡ್ರೈಯರ್‌ನಿಂದ ಸ್ವಲ್ಪ ಬಿಸಿಗಾಳಿ ಕೊಟ್ಟರೆ ಅಂಟು ಮೆತ್ತಗಾಗುತ್ತದೆ. ಆಮೇಲೂ ಬಣ್ಣದ ಚೂರು ಕಿತ್ತು ಬಂತೋ, ಆ ಆಸೆ ಬಿಡಿ.

ಬಿಟ್ಟರೂ ನಷ್ಟ ಇಲ್ಲ. ಅದೇ ಕಾಗದವನ್ನು ಪುಸ್ತಕದ ಕಪಾಟಿನ ಒಳಗಿನ ಹಿಂಬದಿಗೆ ಅಂಟಿಸಿ, ಕಪಾಟು ನಿಮ್ಮದೇ ಆಗಿದ್ದರೆ. ಅಥವಾ ದೊಡ್ಡ ತೆಳು ಹಲಗೆಗೆ ಸುತ್ತಿ ಗೋಡೆಗೆ ಒರಗಿಸಿ. ಎದೆಮಟ್ಟದ ಹಲಗೆಯೊಂದು ನೆಲದ ಮೇಲೆ ಒರಗಿ ನಿಂತರೆ ಹತ್ತು ಫ್ರೇಮ್ ನೇತುಹಾಕಿದ್ದಕ್ಕಿಂತ ಚೆನ್ನಾಗಿ ಕಾಣುತ್ತದೆ ಅನ್ನುವುದು ನನ್ನ ಅಭಿಪ್ರಾಯ. ಜಾರದ ಹಾಗೆ ಕೆಳಗೆ ರಬ್ಬರ್ ತುಂಡು ಇಡಿ. ಮಕ್ಕಳಿರುವ ಮನೆಯಾದರೆ ಒರಗಿಸುವುದು ಬೇಡ, ಕಪಾಟೇ ವಾಸಿ. ಗಂಜಿ ಹಚ್ಚಿ ಬಟ್ಟೆ ಅಂಟಿಸುವ ದಾರಿಯೂ ಇದೆ, ನೀರು ಒರೆಸಿದರೆ ಬಿಟ್ಟುಕೊಳ್ಳುತ್ತದೆ. ಆದರೆ ಒದ್ದೆ ಗೋಡೆಯಲ್ಲಿ ಗಂಜಿಗೆ ಬೂಸ್ಟು ಹಿಡಿಯುತ್ತದೆ, ಹುಳುವೂ ಬರಬಹುದು.

ಫ್ರೇಮ್ ಹಗುರ ಇದ್ದರೆ ಎರಡೂ ಕಡೆ ಅಂಟಿರುವ ಎಳೆದು ತೆಗೆಯುವ ಪಟ್ಟಿಗಳು ಸಾಕು. ಅವನ್ನು ತೆಗೆಯುವಾಗ ಪಟ್ಟಿಯ ತುದಿಯಲ್ಲಿರುವ ಬಾಲವನ್ನು ಗೋಡೆಗೆ ಸಮಾನಾಂತರವಾಗಿ ನೇರ ಕೆಳಕ್ಕೆ ಎಳೆಯಬೇಕು. ಮುಂದಕ್ಕೆ ಎಳೆದರೆ ಬಣ್ಣದ ಕಥೆ ಮುಗಿಯಿತು.

ಪ್ರಶ್ನೆ: ಜಾರದ ಹಾಗೆ ಕೆಳಗೆ ರಬ್ಬರ್ ಇರುವ ಬಣ್ಣದ ಮ್ಯಾಟ್ ಹಾಸಬಹುದಾ? ನಮ್ಮದು ವಿನೈಲ್ (ಒಂದು ಬಗೆಯ ಪ್ಲಾಸ್ಟಿಕ್) ನೆಲ.

ಉತ್ತರ: ಬೇಡ. ಈ ಪಾಠ ನಾನು ದುಡ್ಡು ಕೊಟ್ಟು ಕಲಿತಿದ್ದೇನೆ. ಮನೆ ಖಾಲಿ ಮಾಡುವ ದಿನ ಮ್ಯಾಟ್ ಎತ್ತಿದರೆ ಅದರ ಆಕಾರದಲ್ಲೇ ಹಳದಿ ಕಲೆ. ಸೋಪು, ಸ್ಪಿರಿಟ್ ಯಾವುದಕ್ಕೂ ಬಗ್ಗಲಿಲ್ಲ. ಅಡ್ವಾನ್ಸ್‌ನಲ್ಲಿ ಒಂದು ಭಾಗ ಅಲ್ಲೇ ಹೋಯಿತು. ರಬ್ಬರಿನಲ್ಲಿರುವ ರಾಸಾಯನಿಕ ವಿನೈಲ್‌ಗೆ ಇಳಿದು ಆಗುವ ಕಲೆ ಅದು, ಮೇಲಿನ ಕೊಳೆಯಲ್ಲ, ಹಾಗಾಗಿ ತಿಕ್ಕಿದರೆ ಹೋಗುವುದಿಲ್ಲ. ನೇಯ್ದ ಬಟ್ಟೆಯ ಹಾಸು ತಗೊಳ್ಳಿ, ಕೆಳಗೆ ವಿನೈಲ್‌ಗೆ ಆಗುತ್ತದೆ ಎಂದು ಬರೆದಿರುವ ಪ್ಯಾಡ್ ಹಾಕಿ. ಅಳತೆಯಲ್ಲಿ ಕಂಜೂಸು ಮಾಡಬೇಡಿ. ಸೋಫಾದ ಮುಂಗಾಲಾದರೂ ಅದರ ಮೇಲೆ ಬರಬೇಕು.

ಪ್ರಶ್ನೆ: ನನಗೆ ಸಾಸಿವೆ ಹಳದಿ ಇಷ್ಟ, ನಮ್ಮ ಮನೆಯವರಿಗೆ ನೀಲಿ. ದಿನಾ ಇದೇ ಚರ್ಚೆ. ಎರಡೂ ಸೇರುತ್ತಾ?

ಉತ್ತರ: ಚೆನ್ನಾಗಿಯೇ ಸೇರುತ್ತವೆ. ಸಮಪಾಲು ಮಾತ್ರ ಮಾಡಬೇಡಿ. ಗಾಢ ನೀಲಿ ಪರದೆಗೋ ಹೊದಿಕೆಗೋ ಹೋಗಲಿ. ಸಾಸಿವೆ ಹಳದಿ ಚಿಕ್ಕದಾಗಿ ಮೂರು ಕಡೆ ಬರಲಿ: ಒಂದು ಕುಶನ್, ಒಂದು ದೀಪದ ಕೊಡೆ, ಒಂದು ಹೂಕುಂಡ. ನೀಲಿಯ ನಡುವೆ ಹಳದಿ ತಾನಾಗೇ ಎದ್ದು ಕಾಣುತ್ತದೆ. ಚರ್ಚೆಯಲ್ಲಿ ಗೆದ್ದವರು ನೀವೇ, ಆದರೆ ಅದನ್ನು ಅವರಿಗೆ ಹೇಳಬೇಡಿ.